ಗೆರೆ ಬಿಟ್ಟು ಓಡಿದ ಫುಜಿ ಬೆಟ್ಟ

ಎಡೊ ನಗರದಲ್ಲಿ ಆಕಾಶವನ್ನು ಅಚ್ಚು ಹಾಕಬಲ್ಲವನು ನಾನೊಬ್ಬನೇ. ಹಲಗೆಗೆ ನೀಲಿ ಸವರಿ ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿದೆನೆಂದರೆ ಮೇಲೆ ಕಡುನೀಲಿ, ಕೆಳಗೆ ಬೆಳಗಿನ ಬಿಳುಪು. ಕೊಕ್ಕರೆಗಳು ನಿಜವಾದ ಆಕಾಶ ಬಿಟ್ಟು ನಮ್ಮ ಅಂಗಡಿಗೆ ನುಗ್ಗುತ್ತಿದ್ದವು. ಇಂಥ ನನಗೆ ಪೈಪೋಟಿ ಯಾರು ಅಂತೀರಿ? ಕ್ಯೂಜೊ! ಅದೇ ಅಂಗಡಿಯ ಇನ್ನೊಬ್ಬ ಅಚ್ಚುಗಾರ. ಬಾಯಲ್ಲಿ ಮಾತಿಲ್ಲ, ಮುಖ ಹಳಸಿದ ತೋಫು.

ಆ ಚಳಿಗಾಲ ಯಜಮಾನಿ ಒತಾಕಿ ಬೆಟ್ಟದ ಹೊಸ ಚಿತ್ರಮಾಲೆ ಹೊರಡಿಸುವವರಿದ್ದರು. ಅದನ್ನು ಅಚ್ಚು ಹಾಕಿದವನೇ ಅಂಗಡಿಯ ಹಿರಿಯ ಅಚ್ಚುಗಾರ. ಸೋತವನಿಗೆ ಬೀಸಣಿಗೆ ಕಾಗದ ಒತ್ತುವ ಕೆಲಸ. "ಇಬ್ಬರೂ ಒಂದೊಂದು ಕಟ್ಟು ಹಾಳೆ ಒತ್ತಿ ತೋರಿಸಿ" ಅಂದರು. ಮೊದಲ ಸರದಿ ನನ್ನದು. ನೋಡಲು ಕೂತಿದ್ದವನು ಚಿತ್ರಗಾರ ರಾನ್ಸೆ. ಆ ಮಹಾಶಯ ಎಡೊದ ಹೊರಗೆ ಕಾಲಿಟ್ಟವನೇ ಅಲ್ಲ. ಯಾರದೋ ಪ್ರವಾಸದ ಪುಸ್ತಕ ನೋಡಿ ಸುರುಗಾ ಕೊಲ್ಲಿಯನ್ನೂ ಆಚೆಯ ಫುಜಿಯನ್ನೂ ಬರೆದಿದ್ದ.

ತೇವದ ಕಾಗದದ ಮೇಲೆ ಕಪ್ಪು ಗೆರೆಗಳನ್ನು ಒತ್ತಿ ಮುಗಿಸಿದೆ. ಮುಂದೆ ಬಣ್ಣ, ಒಂದೊಂದಕ್ಕೂ ಬೇರೆ ಹಲಗೆ. ಆದರೆ ಆ ಬೆಟ್ಟ ನೋಡಿ ಸುಮ್ಮನಿರಲಾಗಲಿಲ್ಲ. ಹಾಳೆಗಳನ್ನು ಹಾಗೇ ಹರವಿಟ್ಟು ತಿರುಗಿ ಕೂತೆ.

"ಗುರುಗಳೇ, ಇದು ಫುಜಿಯೋ, ನಿಮ್ಮ ಹೆಂಡತಿ ಕಟ್ಟಿದ ಅನ್ನದುಂಡೆಯೋ?"

"ನೀನು ಹತ್ತಿರದಿಂದ ನೋಡಿದ್ದೀಯೇನಯ್ಯಾ?"

"ನಾನ್ಯಾಕೆ ಹೋಗಲಿ? ಬೆಟ್ಟವೇ ದಿನಾ ನನ್ನ ಕಿಟಕಿಗೆ ಬಂದು ತಲೆ ಬಗ್ಗಿಸುತ್ತೆ."

ಕ್ಯೂಜೊ ಮೆಲ್ಲಗೆ, "ಮಾಗೊರೊಕು ಅಣ್ಣ, ಒದ್ದೆ ಬಟ್ಟೆ ಹೊದಿಸು. ಒಣಗಿದರೆ ಕಾಗದ ಕುಗ್ಗುತ್ತೆ" ಅಂದ.

"ಮುಚ್ಚೋ ಬಾಯಿ, ತೋಫು! ನನ್ನ ಅಪ್ಪಣೆ ಇಲ್ಲದೆ ಒಣಗೋಕೆ ನನ್ನ ಕಾಗದಕ್ಕೆ ಧೈರ್ಯ ಇದೆಯಾ?"

ಚಹಾ ಕುಡಿದೆ. ಚಿತ್ರದ ದೋಣಿಯನ್ನು ಮುದುಕಿಯ ಮರದ ಚಪ್ಪಲಿ ಅಂದೆ, ಪೈನ್ ಮರವನ್ನು ಸವೆದ ಪೊರಕೆ ಅಂದೆ. ರಾನ್ಸೆಯ ಕಿವಿ ಕೆಂಪಗಾಗುವವರೆಗೂ ಬಿಡಲಿಲ್ಲ. ಬೆನ್ನ ಹಿಂದೆ ಅಗ್ಗಿಷ್ಟಿಕೆ ನಿಗಿನಿಗಿ ಉರಿಯುತ್ತಿತ್ತು. ಆಮೇಲೆ ಗತ್ತಿನಿಂದ ಬಣ್ಣಗಳನ್ನು ಒಂದರ ಮೇಲೊಂದು ಒತ್ತಿದೆ.

ಹಾಳೆ ಎತ್ತಿದರೆ ಬೆಟ್ಟದ ನೀಲಿ ಗೆರೆ ದಾಟಿ ಕಡಲಿಗೆ ಇಳಿದಿತ್ತು. ಹಾಯಿಯ ಹಳದಿ ದೋಣಿಯ ಪಕ್ಕ ಒಂಟಿಯಾಗಿ ತೇಲುತ್ತಿತ್ತು. ಬೆಸ್ತನ ಮುಖದ ಬಣ್ಣ ಅಲೆಯ ಮೇಲೆ ಕೂತಿತ್ತು.

"ಹಲಗೆ ಕೆತ್ತಿದವನು ಕುರುಡ!" ಎಂದು ಗುಡುಗಿದೆ.

ಕ್ಯೂಜೊ ಅವೇ ಹಲಗೆಗಳನ್ನು ತೆಗೆದುಕೊಂಡ. ಒದ್ದೆ ಬಟ್ಟೆಯಡಿಯಿಂದ ಒಂದೊಂದೇ ಹಾಳೆ ಎಳೆದು ಒತ್ತಿದ. ಬಣ್ಣವೆಲ್ಲ ಗೆರೆಯೊಳಗೆ ತೆಪ್ಪಗೆ ಕೂತಿತು.

ಒತಾಕಿ ನನ್ನ ಹಾಳೆ ಎತ್ತಿ ಹಿಡಿದರು. "ಗುರುಗಳದ್ದು ಅನ್ನದುಂಡೆ ಅಂದ್ಯಲ್ಲಪ್ಪ, ನಿನ್ನದು ಒಡೆದ ಉಂಡೆ. ನಾಳೆಯಿಂದ ಬೀಸಣಿಗೆ ನೋಡ್ಕೋ."

ಕ್ಯೂಜೊ ಮಾಡಿದ್ದರಲ್ಲಿ ಏನು ಮಹಾ? ಬಟ್ಟೆ ಹೊದಿಸಿ ಮಲಗಿಸುವುದನ್ನು ದಾದಿಯರೂ ಮಾಡುತ್ತಾರೆ. ಈಗ ಬೇಸಿಗೆ ಬಂದರೆ ಎಡೊದಲ್ಲಿ ಬೀಸುವ ಗಾಳಿಯೆಲ್ಲ ನನ್ನದೇ. ಅವನ ಬೆಟ್ಟ ಗೋಡೆಗೆ ಅಂಟಿಕೊಂಡು ಬೆವರುತ್ತಿರುತ್ತದೆ, ನೋಡಿ.