ನೋಡದ ರೂಮಿನ ಬಗ್ಗೆ ಬರೆಯಿರಿ

ಶಾಲೆಯಲ್ಲಿ ಬರೆಯುವ ಸಂಘ ಶುರುಮಾಡುತ್ತೇನೆಂದು ಕೃಷ್ಣವೇಣಿ ಕೇಳಿದಾಗ ಹೆಡ್‌ಮಾಸ್ಟರ್ ಚಂದ್ರಶೇಖರಯ್ಯನವರು ಬೇಡ ಅನ್ನಲಿಲ್ಲ. ಮಕ್ಕಳು ಬರುತ್ತಾರೆಂದು ನಂಬಲೂ ಇಲ್ಲ. ರಾಜ್ಯದ ಗಡಿಯಾಚೆ, ಮಡಕಶಿರದ ಬೆಟ್ಟ ಕಾಣುವಷ್ಟು ದೂರದ ಹಳ್ಳಿಯ ಕನ್ನಡ ಹೈಸ್ಕೂಲು ಅದು. ಶನಿವಾರ ಊಟದ ಗಂಟೆ ಬಾರಿಸಿದರೆ ಮಕ್ಕಳು ಕಡ್ಲೆಕಾಯಿ ಬಿಡಿಸಲಿಕ್ಕೋ ಹಿಪ್ಪುನೇರಳೆ ಸೊಪ್ಪು ಕೊಯ್ಯಲಿಕ್ಕೋ ಓಡುವವರು. ಅರ್ಧಕ್ಕರ್ಧ ಮಕ್ಕಳ ಅಮ್ಮನೋ ಅಕ್ಕನೋ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿದ್ದರು. ಆದರೂ ಮೊದಲ ಶನಿವಾರ ಹನ್ನೊಂದು ಮಕ್ಕಳು ಬಂದು ಕೂತರು.

ಕೃಷ್ಣವೇಣಿ ಉತ್ತರದ ಕಡೆಯ ಕಣೇಕಲ್ಲು ಎಂಬ ಊರಿನವಳು. ‘ಬರ್ರಿ’, ‘ಕುಂದರ್ರಿ’ ಅನ್ನುವ ಅವಳ ಮಾತಿಗೆ ಮಕ್ಕಳು ಮೊದಮೊದಲು ಮುಸಿಮುಸಿ ನಗುತ್ತಿದ್ದರು. ಮೇಷ್ಟ್ರ ಕೆಲಸದ ಡಿಎಸ್ಸಿ ಪರೀಕ್ಷೆ ಪಾಸಾಗಿ ಈ ಶಾಲೆಗೆ ಬಂದು ಒಂದು ವರ್ಷವಾಗಿತ್ತು. ಅದಕ್ಕೂ ಬಹಳ ಮೊದಲು, ಹತ್ತೊಂಬತ್ತರ ವಯಸ್ಸಿನಲ್ಲಿ, ತಾನೂ ಬೆಂಗಳೂರಿನಲ್ಲಿ ಎರಡು ವರ್ಷ ಅಂಗಿಗಳಿಗೆ ಕಾಲರ್ ಹೊಲಿದವಳು ಎಂಬುದನ್ನು ಅವಳು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಆ ಕೆಲಸದ ಬಗ್ಗೆ ನಾಚಿಕೆಯಿರಲಿಲ್ಲ. ಆ ಮಾತು ತೆಗೆದರೆ ಅದರ ಸೆರಗು ಹಿಡಿದು ಇನ್ನೊಂದು ಮಾತೂ ಹೊರಗೆ ಬರುತ್ತಿತ್ತು.

ಮೊದಲ ವಾರ ಅವಳು ಮನೆಯ ವಾಸನೆಗಳ ಬಗ್ಗೆ ಬರೆಸಿದಳು. ಗೋವರ್ಧನ್ ಎಂಬ ಹುಡುಗ ರೇಷ್ಮೆಹುಳುವಿನ ತಟ್ಟೆಗಳ ವಾಸನೆಯನ್ನು ಎಷ್ಟು ಚೆನ್ನಾಗಿ ಬರೆದಿದ್ದನೆಂದರೆ ಓದುವಾಗ ಎಲ್ಲರೂ ಮೂಗು ಮುಚ್ಚಿಕೊಂಡು ನಕ್ಕರು. ಎರಡನೆಯ ವಾರ ಅವಳು ಬೋರ್ಡಿನ ಮೇಲೆ ಒಂದೇ ಸಾಲು ಬರೆದಳು: ನೀವು ಯಾವತ್ತೂ ನೋಡದ ಒಂದು ರೂಮಿನ ಬಗ್ಗೆ ಬರೆಯಿರಿ.

“ಕಣ್ಣು ಮುಚ್ಚಿ ನೋಡ್ರಿ,” ಎಂದಳು. “ಏನು ಕಾಣತೈತೋ ಅಷ್ಟು ಬರೀರಿ. ಪಕ್ಕದವ್ರನ್ನ ಕೇಳಬ್ಯಾಡ್ರಿ.”

ಹನ್ನೊಂದೂ ಮಕ್ಕಳು ಕಣ್ಣು ಮುಚ್ಚಿದರು. ಆಮೇಲೆ ಇಪ್ಪತ್ತು ನಿಮಿಷ ಯಾರೂ ತಲೆಯೆತ್ತಲಿಲ್ಲ. ಕೆಮ್ಮಿಲ್ಲ, ಕಾಲು ಒದರುವ ಸದ್ದಿಲ್ಲ. ಇಷ್ಟು ಮನಸ್ಸಿಟ್ಟು ಬರೆಯುತ್ತಿದ್ದಾರಲ್ಲ ಎಂದು ಅವಳಿಗೆ ಆಗ ಖುಷಿಯೇ ಆಯಿತು.

ಮಕ್ಕಳು ಹೋದ ಮೇಲೆ ವರಾಂಡದಲ್ಲಿ ಕೂತು ಓದತೊಡಗಿದಳು. ಒಬ್ಬ ಅರಮನೆಯ ರೂಮು ಬರೆದಿದ್ದ, ಒಬ್ಬಳು ಡಾಕ್ಟರ ರೂಮು, ಇನ್ನೊಬ್ಬ ಕೋಟೆಯೊಳಗಿನ ಮದ್ದಿನ ಮನೆ. ಅರಮನೆಯ ಕಿಟಕಿಗೆ ಪರದೆಯಿರಲಿಲ್ಲ, ಜೀನ್ಸ್ ಬಟ್ಟೆಯ ತುಂಡು ಕಟ್ಟಿತ್ತು. ಕೃಷ್ಣವೇಣಿ ನಕ್ಕಳು. ಡಾಕ್ಟರ ರೂಮಿನ ಗೋಡೆಯ ಗೂಡಿನಲ್ಲಿ ಹೊಲಿಗೆ ಮಿಷನ್ನಿನ ಖಾಲಿ ಬಾಬಿನ್‌ಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಮದ್ದಿನ ಮನೆಯಲ್ಲಿ ಹಿಡಿ ಮುರಿದ ನೀಲಿ ಬಕೆಟ್ಟು. ಐದನೆಯ ಹಾಳೆ ಮುಗಿಸಿ ಅವಳು ಮತ್ತೆ ಮೊದಲ ಹಾಳೆ ತೆಗೆದು ನೋಡಿದಳು. ಹನ್ನೊಂದು ಹಾಳೆಗಳಲ್ಲಿ ಹನ್ನೊಂದು ಬೇರೆ ಬೇರೆ ರೂಮುಗಳಿದ್ದವು. ಪ್ರತಿಯೊಂದರೊಳಗೂ ಒಂದೊಂದು ಸಾಮಾನು ಮಾತ್ರ ಒಂದೇ ರೂಮಿನದು. ಬೆಂಗಳೂರಿನ ಆ ರೂಮು ಅವಳಿಗೆ ಗೊತ್ತಿತ್ತು. ಜೀನ್ಸ್ ತುಂಡನ್ನು ಆ ಕಿಟಕಿಗೆ ಕಟ್ಟಿದವಳು ಅವಳೇ.

ಕೊನೆಯ ಹಾಳೆ ಎಂಟನೇ ಕ್ಲಾಸಿನ ಹನುಮಕ್ಕನದು. ಅಜ್ಜಿಯ ಹೆಸರು ಹೊತ್ತ, ಮಾತು ಕಡಿಮೆಯ ಹುಡುಗಿ. ಅವಳು ಬರೆದದ್ದು ಎರಡೇ ಸಾಲು: ‘ಬಾಗಿಲಿಗೆ ಹೊರಗಿನಿಂದ ಬೀಗ. ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿ, ಅಲ್ಲಿಂದ ಬಿಸಿಲು ಬರುತ್ತದೆ.’

ಗಾರ್ಮೆಂಟ್ಸಿನವರ ರೂಮುಗಳೆಲ್ಲ ಒಂದೇ ತರಹ, ಅಮ್ಮ ಅಕ್ಕಂದಿರು ಹಬ್ಬಕ್ಕೆ ಬಂದಾಗ ಹೇಳಿದ್ದು ಮಕ್ಕಳ ತಲೆಯಲ್ಲಿ ಕೂತಿದೆ ಎಂದು ಅವಳು ಇಡೀ ವಾರ ತನಗೆ ತಾನೇ ಹೇಳಿಕೊಂಡಳು. ಅದನ್ನು ಖಚಿತ ಮಾಡಿಕೊಳ್ಳಲಿಕ್ಕೆಂದೇ ಮೂರನೆಯ ಶನಿವಾರ, ಮನಸ್ಸು ಬೇಡವೆನ್ನುತ್ತಿದ್ದರೂ ಕೈ ಬೋರ್ಡಿನ ಮೇಲೆ ಬರೆಯಿತು: ಆ ರೂಮಿನಲ್ಲಿ ಯಾರಿದ್ದಾರೆ? ಏನು ಹೇಳುತ್ತಿದ್ದಾರೆ?

ಹತ್ತು ಮಕ್ಕಳು ರಾಜ, ಕಳ್ಳ, ಬೆಕ್ಕು ಎಂದು ಏನೇನೋ ಬರೆದರು. ಓದುತ್ತಾ ಅವಳ ಎದೆ ಹಗುರವಾಯಿತು. ಹನುಮಕ್ಕ ಬರೆದಿದ್ದಳು: ‘ಒಬ್ಬಳು ಅಕ್ಕ ಇದ್ದಾಳೆ. ಮೈ ಸುಡುತ್ತಿದೆ. ಬಾಗಿಲ ಸಂದಿಗೆ ಬಾಯಿಟ್ಟು ಕಣೇಕಲ್ಲೀ, ಕಣೇಕಲ್ಲೀ ಅನ್ನುತ್ತಾಳೆ.’

ಕೃಷ್ಣವೇಣಿ ಹುಡುಗಿಯನ್ನು ಪಕ್ಕಕ್ಕೆ ಕರೆದು ಕೇಳಿದಳು. ಹುಡುಗಿಯ ಮನೆಯಿಂದ ಯಾರೂ ಬೆಂಗಳೂರಿಗೆ ಹೋದವರಿರಲಿಲ್ಲ. ಅಪ್ಪ ಕುರಿ ಕಾಯುತ್ತಿದ್ದ.

“ಕಣೇಕಲ್ಲಿ ಅಂದ್ರೆ ಏನು?”

“ಗೊತ್ತಿಲ್ಲ ಮಿಸ್. ಹಂಗೇ ಕೇಳುಸ್ತು,” ಎಂದಳು ಹನುಮಕ್ಕ.

ಆ ಹೆಸರಿನಿಂದ ಕೃಷ್ಣವೇಣಿಯನ್ನು ಕರೆಯುತ್ತಿದ್ದವಳು ಲೋಕದಲ್ಲಿ ಒಬ್ಬಳೇ. ಇದೇ ಸೀಮೆಯ ರೊಳ್ಳದ ಕಡೆಯ ಶಿವಲಕ್ಷ್ಮಿ, ಬೆಂಗಳೂರಿನಲ್ಲಿ ಅವಳ ಜೊತೆ ರೂಮಿನಲ್ಲಿದ್ದವಳು. ಊರಿನ ಹೆಸರಿಟ್ಟೇ ಗೆಳತಿಯನ್ನು ಗೇಲಿ ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಶಿವಲಕ್ಷ್ಮಿಗೆ ವಿಪರೀತ ಜ್ವರ. ಹಿಂದಿನ ಮನೆಯ ಕುಡುಕನೊಬ್ಬ ಬಾಗಿಲು ತಳ್ಳುತ್ತಾನೆಂಬ ಹೆದರಿಕೆಯಿಂದ, ಬೀಗ ಹಾಕಿಕೊಂಡು ಹೋಗು, ಮಧ್ಯಾಹ್ನ ಬಂದು ತೆಗಿ ಎಂದು ಅವಳೇ ಕೇಳಿಕೊಂಡಳು. ಮಧ್ಯಾಹ್ನ ಗಾರ್ಮೆಂಟ್ಸಿನ ಸೂಪರ್‌ವೈಸರ್ ಗೇಟು ದಾಟಲು ಬಿಡಲಿಲ್ಲ. ಕೃಷ್ಣವೇಣಿ ಒಂದು ಸಲ ಕೇಳಿದಳು, ಬೈಸಿಕೊಂಡಳು, ಮತ್ತೆ ಮಿಷನ್ನಿಗೆ ಹೋಗಿ ಕೂತಳು. ಸಂಜೆ ಬೀಗ ತೆಗೆದಾಗ ಶಿವಲಕ್ಷ್ಮಿ ಚಾಪೆಯ ಮೇಲಿರಲಿಲ್ಲ, ಬಾಗಿಲ ಹತ್ತಿರ ಬಿದ್ದಿದ್ದಳು. ಉಸಿರಿರಲಿಲ್ಲ. ಆಸ್ಪತ್ರೆಯಲ್ಲಿ ಜೀವ ಹೋಯಿತು ಎಂದು ಮನೆಯ ಓನರ್ ಅವಳ ಊರಿನವರಿಗೆ ಹೇಳಿ ಕೈತೊಳೆದುಕೊಂಡ. ಕೃಷ್ಣವೇಣಿ ಹೂಂ ಎಂದಳು. ಹನ್ನೊಂದು ವರ್ಷವಾದರೂ ಆ ಹೂಂ ಸುಳ್ಳೆಂದು ಅವಳು ಯಾರಿಗೂ ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ರೊಳ್ಳದ ಬಸ್ಸು ಹತ್ತಿದಳು.

ಶಿವಲಕ್ಷ್ಮಿಯ ತಾಯಿ ಪಾಪಕ್ಕ ರೇಷ್ಮೆಯ ಹುಳುಮನೆಯಲ್ಲಿ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಳು. ಮಗಳ ಜೊತೆಗಾರ್ತಿ ಎಂದದ್ದೇ ಗುರುತು ಹಿಡಿದು ಕೂರಿಸಿದಳು. ಕೃಷ್ಣವೇಣಿ ನೀರೂ ಕುಡಿಯದೆ ಎಲ್ಲ ಹೇಳಿದಳು. ಬೀಗ, ಗೇಟು, ಬಾಗಿಲ ಹತ್ತಿರ ಬಿದ್ದಿದ್ದು, ಕೊನೆಗೆ ಮಕ್ಕಳ ಹಾಳೆಗಳು. ಪಾಪಕ್ಕ ಸೊಪ್ಪು ಹರಡುವುದನ್ನು ನಿಲ್ಲಿಸಲಿಲ್ಲ. ಮಾತು ಮುಗಿದ ಮೇಲೆ ಹುಳುಗಳು ಸೊಪ್ಪು ಮೇಯುವ ಸದ್ದೊಂದೇ ಉಳಿಯಿತು.

“ಒಳಗೆ ನೀರಿತ್ತಾ?” ಎಂದು ಪಾಪಕ್ಕ ಕೇಳಿದಳು.

“ಒಂದು ಚೊಂಬು ಇಟ್ಟಿದ್ದೆ.”

“ಒಂದು ಚೊಂಬು.” ಪಾಪಕ್ಕ ಖಾಲಿ ಬುಟ್ಟಿ ಕೊಡವಿದಳು. “ಆಸ್ಪತ್ರೇಲಿ ನಾಕು ಜನ ಮಗ್ಗುಲಲ್ಲಿದ್ರು ಅಂತ ತಿಳ್ಕಂಡಿದ್ದೆ. ಹೋಗವ್ವ, ಬಸ್ಸು ಹೋಗ್ತೈತೆ.”

ಬೈದಿದ್ದರೆ, ಹೊಡೆದಿದ್ದರೆ ಹಗುರವಾಗುತ್ತಿತ್ತೇನೋ. ಕೃಷ್ಣವೇಣಿ ಬಸ್ಸಿನಲ್ಲಿ ಮಡಕಶಿರದವರೆಗೂ ಅತ್ತಳು. ಪಕ್ಕದ ಹೆಂಗಸು ಏನೂ ಕೇಳದೆ ಕಿಟಕಿಯ ಸೀಟು ಬಿಟ್ಟುಕೊಟ್ಟಳು.

ಮುಂದಿನ ಶನಿವಾರ ಸಂಘ ಇನ್ನೇನು ಶುರುವಾಗಬೇಕು, ಪಾಪಕ್ಕ ಶಾಲೆಯ ಬಾಗಿಲಲ್ಲಿ ನಿಂತಿದ್ದಳು. ಒಗೆದ ಸೀರೆ, ತಲೆಗೆ ಎಣ್ಣೆ. ಯಾರನ್ನೂ ಕೇಳದೆ ಹಿಂದಿನ ಬೆಂಚಿನಲ್ಲಿ ಕೂತಳು. ಆ ಬರೆದ ಮಗು ಯಾವುದು, ಅದರ ಬಾಯಿಂದ ಒಂದು ಸಲ ಕೇಳಬೇಕು ಎಂದಳು. ಕೃಷ್ಣವೇಣಿ ಆ ಹಾಳೆ ಹುಡುಕಿ ಹನುಮಕ್ಕನ ಕೈಗೆ ಕೊಟ್ಟಳು. ಹನುಮಕ್ಕ ಹಾಳೆ ಹಿಡಿದು ಓದಿದಳು. ಪಾಪಕ್ಕ ಎರಡನೆಯ ಸಲ ಓದಿಸಿದಳು.

“ಆಮೇಲೆ? ಅಮ್ಮಾ ಅಂತ ಏನಾರ ಅಂದ್ಳಾ? ಇನ್ನೊಂದ್ಸಲ ನೋಡು ಮಗ.”

ಹನುಮಕ್ಕ ಮಿಸ್ಸಿನ ಮುಖ ನೋಡಿದಳು. ಆಮೇಲೆ ಕಣ್ಣು ಮುಚ್ಚಿದಳು. ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ಮಕ್ಕಳು ಚಳಿಯಾದವರಂತೆ ಮೈ ಮುದುಡಿ ಕೂತಿದ್ದರು. ಗೋವರ್ಧನ್ ತೋಳು ಉಜ್ಜಿಕೊಂಡ. ಹುಡುಗಿ ಕಣ್ಣು ತೆರೆದಾಗ ಅವಳ ನೋಟ ಪಾಪಕ್ಕನ ಮೇಲಿರಲಿಲ್ಲ, ಸ್ವಲ್ಪ ಪಕ್ಕಕ್ಕೆ ಇತ್ತು.

“ಆ ರೂಮಲ್ಲಿ ಈಗ ಯಾರೂ ಇಲ್ಲ ಅಜ್ಜಿ,” ಎಂದಳು.

ಪಾಪಕ್ಕ ತಲೆಯಾಡಿಸಿದಳು. ಬೆಂಚಿನ ಮೇಲೆ ಮೆಲ್ಲಗೆ ಗೋಡೆಯ ಕಡೆ ಸರಿದು, ಒಬ್ಬರು ಕೂರುವಷ್ಟು ಜಾಗ ಬಿಟ್ಟಳು. ಸೆರಗು ಮಡಿಲಿಗೆ ಎಳೆದುಕೊಂಡು, ಸಂಘ ಮುಗಿಯುವವರೆಗೂ ಹಾಗೇ ಕೂತಿದ್ದಳು. ಆ ಮಧ್ಯಾಹ್ನ ಮಕ್ಕಳು ಏನು ಬರೆದರೋ, ಯಾರೂ ಓದಿ ಹೇಳಲಿಲ್ಲ. ಗಂಟೆ ಬಾರಿಸಿದಾಗ ಅವಳು ಎದ್ದು, ಕೃಷ್ಣವೇಣಿಯ ಮುಂದೆ ಒಂದು ಗಳಿಗೆ ನಿಂತಳು. ಆಮೇಲೆ ಬಸ್‌ಸ್ಟಾಪಿನ ಕಡೆ ಹೊರಟಳು. ಜೊತೆಗೆ ಇನ್ನೊಬ್ಬರು ನಡೆಯಲು ಜಾಗ ಬಿಟ್ಟವಳಂತೆ ದಾರಿಯ ಒಂದೇ ಪಕ್ಕಕ್ಕೆ ನಡೆಯುತ್ತಿದ್ದಳು, ಬಹಳ ನಿಧಾನವಾಗಿ.

ಮತ್ತೆ ಅವಳು ಬರಲಿಲ್ಲ. ಸಂಘ ನಡೆಯಿತು, ವರ್ಷದ ಕೊನೆಗೆ ಮಕ್ಕಳ ಬರಹವನ್ನು ಚಂದ್ರಶೇಖರಯ್ಯನವರೇ ಡಿಟಿಪಿ ಮಾಡಿಸಿ ಪುಸ್ತಕ ಹೊಲಿಸಿದರು. ರೂಮಿನ ಹಾಳೆಗಳನ್ನು ಕೃಷ್ಣವೇಣಿ ಅದರಲ್ಲಿ ಸೇರಿಸಲಿಲ್ಲ. ಹನುಮಕ್ಕ ಈಗ ಕುರಿಗಳ ಬಗ್ಗೆ, ಅಪ್ಪನ ಕಂಬಳಿಯ ಬಗ್ಗೆ ಉದ್ದುದ್ದ ಬರೆಯುತ್ತಾಳೆ. ಹಿಂದಿನ ಬೆಂಚಿನಲ್ಲಿ ಪಾಪಕ್ಕ ಬಿಟ್ಟಿದ್ದ ಆ ಜಾಗದಲ್ಲಿ ಮಾತ್ರ ಮಕ್ಕಳು ಯಾರೂ ಕೂರುವುದಿಲ್ಲ. ಯಾಕೆಂದು ಕೃಷ್ಣವೇಣಿ ಕೇಳಿಲ್ಲ.