ಎಂಟು ಪುಟದ ಪುಸ್ತಕ

ಹೊಲಿಗೆ ವಿಭಾಗದಲ್ಲಿ ಯಾರಾದರೂ ನಕ್ಕರೆ ಸೂಪರ್‌ವೈಸರಮ್ಮನ ಕಿವಿ ನೆಟ್ಟಗಾಗುತ್ತಿತ್ತು. ಆವತ್ತು ಊಟ ಮುಗಿಸಿ ಬರುವಾಗ ಕಾಲರ್ ಹೊಲಿಯುವವಳು ಗುಂಡಿ ಹಾಕುವವಳ ಕೈಗೆ ಏನೋ ತುರುಕಿದಳು. ಇವಳನ್ನು ಕಂಡದ್ದೇ ತಡ, ಇಬ್ಬರ ಬಾಯಿಗೂ ಬೀಗ ಬಿತ್ತು.

"ಏನದು?"

"ಏನಿಲ್ಲ ಅಕ್ಕಾ."

ಏನಿಲ್ಲ ಅಂದರೆ ಏನೋ ಇದೆ ಅಂತಲೇ ಅರ್ಥ. ಅವಳೂ ವರ್ಷಗಟ್ಟಲೆ ಇದೇ ಮಶೀನಿನ ಮುಂದೆ ಕೂತು ಮೇಲೆ ಬಂದವಳು.

ಸಂಜೆ ಹೊತ್ತಿಗೆ ಅದು ಶೌಚಾಲಯದ ಕಿಟಕಿಯ ಸಂದಿಯಲ್ಲಿ ಸಿಕ್ಕಿತು. ಅಂಗೈ ಅಗಲದ ಪುಸ್ತಕ, ಎಂಟೇ ಪುಟ. ಬಟ್ಟೆ ಕತ್ತರಿಸುವವರು ಬಿಸಾಡಿದ ಕಂದು ಕಾಗದ, ಅದರ ಮೇಲೆ ಅಂಟಿಸಿದ ಬಟ್ಟೆಚೂರು, ಬಸ್ ಟಿಕೆಟು, ಪುಟಕ್ಕೊಂದು ಕೈಬರಹ. ಒಬ್ಬಳು ಮಗಳ ಮೊದಲ ಹಲ್ಲು ಬಿದ್ದದ್ದನ್ನು ಬರೆದಿದ್ದಳು. ಇನ್ನೊಬ್ಬಳು ಸೂಪರ್‌ವೈಸರಮ್ಮನ ಚಿತ್ರವನ್ನೇ ಬಿಡಿಸಿದ್ದಳು, ಮೂಗು ಮೊಳದುದ್ದ. ಐದನೇ ಪುಟದಲ್ಲಿ ಹೀಗಿತ್ತು: "ಎರಡನೇ ಸಲ ಶೌಚಕ್ಕೆ ಎದ್ದು ಹೋದರೆ ಹೆಸರು ಬರೆದುಕೊಳ್ಳುತ್ತಾರೆ. ಅದಕ್ಕೇ ನೀರು ಕುಡಿಯುವುದು ಬಿಟ್ಟೆ. ಈಗ ಉರಿಮೂತ್ರ. ಯಾರಿಗೆ ಹೇಳಲಿ?"

ಹೆಸರು ಬರೆದುಕೊಳ್ಳುವವಳು ತಾನೇ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಯಾರ ಕಿತಾಪತಿ ಇದು? ಕಾಲರಿನವಳದೋ, ಗುಂಡಿಯವಳದೋ? ತಲೆ ತಗ್ಗಿಸಿ ಹೊಲಿಯುತ್ತಿದ್ದ ಒಂದೊಂದು ಮುಖದಲ್ಲೂ ಕಳ್ಳತನ ಕಂಡಿತು. ಸುದ್ದಿ ಆಗಲೇ ಮ್ಯಾನೇಜರ್ ಕಿವಿಗೂ ಬಿದ್ದಿತ್ತು. "ಬೆಳಿಗ್ಗೆ ನನಗೆ ಹೆಸರು ಬೇಕು. ಅವಳಿಗೆ ಇಲ್ಲಿ ಕೆಲಸ ಇಲ್ಲ" ಎಂದಿದ್ದರು.

ಪುಸ್ತಕ ತಿರುಗಿಸಿದಾಗ ಬೆನ್ನಿನ ಹೊಲಿಗೆ ಕಣ್ಣಿಗೆ ಬಿತ್ತು. ದಾರ ಬಿಚ್ಚದಿರಲೆಂದು ಕೊನೆಯಲ್ಲಿ ಎಲ್ಲರೂ ಎರಡು ಸಲ ಹಿಂದಕ್ಕೆ ಹೊಲಿಯುತ್ತಾರೆ. ಇಲ್ಲಿ ಮೂರು ಸಲ ಹೊಲಿದಿದ್ದರು. ಆ ಅಭ್ಯಾಸ ಇರುವವಳು ಒಬ್ಬಳೇ, ತೋಳು ಹೊಲಿಯುವವಳು. ಬಾಯಲ್ಲಿ ಬೆರಳಿಟ್ಟರೂ ಕಚ್ಚಲು ಬಾರದವಳು ಎಂದುಕೊಂಡಿದ್ದಳಲ್ಲ! ಮಶೀನು ಹಿಡಿಯಲು ಕಲಿಸಿದ್ದೂ ತಾನೇ. ಅವಳನ್ನು ಗೋಡೆಯ ಪಕ್ಕಕ್ಕೆ ಕರೆದಳು.

"ಇದನ್ನ ಹೊಲಿದಿದ್ದು ನೀನೇ ಅಲ್ವಾ?"

"ಹೌದಕ್ಕಾ. ಐದನೇ ಪುಟಾನೂ ನಂದೇ."

"ಕದ್ದುಮುಚ್ಚಿ ಬರೆಯೋ ಬದಲು ನನ್ನ ಹತ್ರ ಹೇಳೋಕೇನಾಗಿತ್ತು? ನಿಮಿಷ ನಿಮಿಷಕ್ಕೂ ಮೇಲಿನವರು ನನ್ನ ಜೀವ ಹಿಂಡ್ತಾರೆ, ಗೊತ್ತಾ?"

"ಹೇಳೋಕೆ ಎರಡು ಸಲ ಎದ್ದು ಬಂದಿದ್ದೆ ಅಕ್ಕಾ. ನೀವು ಪೆನ್ನು ತೆಗೆದ್ರಿ."

ಸೂಪರ್‌ವೈಸರಮ್ಮನಿಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಸಾಲುಗಳ ನಡುವೆ ಬಂದು ನಿಂತರು. "ಗೊತ್ತಾಯ್ತಾ ಯಾರು ಅಂತ?"

"ಮೊದಲು ಇದನ್ನ ಕೇಳಿ ಸಾರ್" ಎಂದು ಅವಳು ಐದನೇ ಪುಟ ತೆರೆದು ಗಟ್ಟಿಯಾಗಿ ಓದಿದಳು. ನಾಲ್ಕು ಸಾಲು ಮುಗಿದವು. ಅವಳ ಓದು ನಿಲ್ಲಲಿಲ್ಲ.

"ಆಗ ನಾನು ಆರು ತಿಂಗಳ ಬಸುರಿ. ಎದ್ದು ಹೋಗೋಕೆ ಹೆದರಿ ಕೂತಲ್ಲೇ ಬಟ್ಟೆ ಒದ್ದೆ ಮಾಡ್ಕೊಂಡೆ. ನೀರು ಚೆಲ್ಲಿತು ಅಂತ ಎಲ್ಲರಿಗೂ ಸುಳ್ಳು ಹೇಳಿದೆ."

ಮ್ಯಾನೇಜರ್ ಬಗ್ಗಿ ಪುಟ ನೋಡಿದರು. "ಇದೆಲ್ಲಿದೆ ಇಲ್ಲಿ?"

"ಇನ್ನೂ ಬರೆದಿಲ್ಲ ಸಾರ್. ನಾನು ಮಶೀನಲ್ಲಿ ಕೂತಿದ್ದಾಗಿನದು, ಇವತ್ತು ಬರೀತೀನಿ. ನಿಮಗೆ ಹೆಸರು ಬೇಕು ಅಂದ್ರಲ್ಲ, ಕೆಳಗೆ ನನ್ನ ಹೆಸರನ್ನೇ ಹಾಕ್ತೀನಿ."