ಆರು ರೊಟ್ಟಿ, ಅರ್ಧರ್ಧ

ತರಗತಿಯಲ್ಲಿ ನಿಂತೇ ಮೊಬೈಲಿನಲ್ಲಿ ತಮ್ಮ ಅದಿರು ಲಾರಿಯ ಡ್ರೈವರನ್ನು ಬೈಯುವುದು ಬಸವಕುಮಾರ್ ಮೇಷ್ಟ್ರಿಗೆ ರೂಢಿ. ಸಂಡೂರಿನಿಂದ ತೋರಣಗಲ್ಲಿಗೆ ಹೋಗುವ ದಾರಿಯ ಆ ಶಾಲೆಯಲ್ಲಿ, ಏಳನೇ ತರಗತಿಯವರು ಬೋರ್ಡಿನ ಮೇಲಿದ್ದದ್ದನ್ನು ಬರೆದುಕೊಂಡರೆ ಅವರ ಪಾಲಿಗೆ ಗಣಿತ ಮುಗಿಯಿತು. ಒಂದು ದಿನ ಮೇಷ್ಟ್ರು ಆರನ್ನು ಅರ್ಧದಿಂದ ಭಾಗಿಸಿ ಹನ್ನೆರಡು ಎಂದು ಬರೆದಾಗ ಸುಮಲತಾ ಎದ್ದು ನಿಂತಳು.

"ಭಾಗ ಮಾಡಿದ್ರ ಕಡಿಮಿ ಆಗ್ಬೇಕಲ್ರಿ ಸರ? ಹೆಚ್ಚು ಯಾಕಾತು?"

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. "ಹಮಾಲನ ಮಗಳು ನನಗ ಲೆಕ್ಕ ಕಲಿಸ್ತೀಯೇನ್ಲೇ? ತಿಳೀದಿದ್ರ ಹೊರಗ ನಿಂತು ಯೋಚ್ನೆ ಮಾಡು," ಎಂದು ಗೇಟಿನ ಹತ್ತಿರ ನಿಲ್ಲಿಸಿದರು. ಒಂದಲ್ಲ, ಮೂರು ದಿನ! ಲಾರಿ ಹೋದಾಗಲೆಲ್ಲ ಕೆಂಪು ದೂಳು ಅವಳ ಜಡೆಗೆ, ರೆಪ್ಪೆಗೆ, ಹಲ್ಲಿಗೆ ಮೆತ್ತಿತು. ಒಳಗಿನವರು ಕಿಟಕಿಯಿಂದ ನೋಡಿ ನಕ್ಕರು. ಅವಳು ಅಳಲಿಲ್ಲ, ಒಳಗೊಳಗೇ ಕುದಿಯುತ್ತ ನಿಂತಳು.

ಉತ್ತರ ಸಿಕ್ಕಿದ್ದು ಮನೆಯಲ್ಲಿ. ಅವ್ವ ಭೀಮಮ್ಮ ರೊಟ್ಟಿ ಮುರಿದು ಎಲ್ಲರ ತಟ್ಟೆಗೂ ಅರ್ಧರ್ಧ ಹಾಕುತ್ತಿದ್ದಾಗ ಸುಮಲತಾಗೆ ತಟ್ಟನೆ ಹೊಳೆಯಿತು. ಖುಷಿಗಿಂತ ಸಿಟ್ಟೇ ಹೆಚ್ಚು ಬಂತು. ಇಷ್ಟು ಹೇಳಲು ಬಾರದವನು ಮೂರು ದಿನ ದೂಳು ತಿನ್ನಿಸಿದನಲ್ಲ!

ಮರುವಾರ ಇಲಾಖೆಯ ಮೇಡಂ ಬರುತ್ತಾರೆ, ಮಕ್ಕಳು ತಾವಾಗಿಯೇ ಪ್ರಶ್ನೆ ಕೇಳುತ್ತಾರೋ ಇಲ್ಲವೋ ನೋಡುತ್ತಾರೆ ಎಂದು ಸುದ್ದಿ ಬಂತು. ಮೇಷ್ಟ್ರು ತಾವೇ ಹತ್ತು ಪ್ರಶ್ನೆ ಬರೆದು, ಹತ್ತು ಮಕ್ಕಳಿಗೆ ಹಂಚಿ, ಬಾಯಿಪಾಠ ಮಾಡಿಸಿದರು. ಸುಮಲತಾಗೆ ಮಾತ್ರ, "ನೀ ಬಾಯಿ ಮುಚ್ಕೊಂಡು ಕುಂದ್ರು," ಎಂದರು.

ಅವಳು ಬಾಯಿ ಮುಚ್ಚಿಕೊಂಡೇ ಕೂತಳು. ಆದರೆ ಮೊದಲ ಪ್ರಶ್ನೆ ಕೇಳಬೇಕಿದ್ದ ಹೊನ್ನೂರುಸ್ವಾಮಿಯನ್ನು ಹಿಂದಿನ ದಿನವೇ ನೀರಿನ ಟ್ಯಾಂಕಿನ ಹತ್ತಿರ ಹಿಡಿದಿದ್ದಳು. "ಕಿಟಕ್ಯಾಗ ನಿಂತು ಹಲ್ಲು ಕಿಸ್ದಿಯಲ್ಲ? ನಾಳೆ ನನ್ನ ಪ್ರಶ್ನೆ ಕೇಳು. ಇಲ್ಲಾಂದ್ರ ನಿನ್ನ ಹೋಮ್‌ವರ್ಕ್ ನೀನೇ ಮಾಡ್ಕೋ." ಇಡೀ ವರ್ಷ ಅವಳದನ್ನೇ ನೋಡಿ ಬರೆದವನಿಗೆ ಬೇರೆ ದಾರಿ ಇರಲಿಲ್ಲ.

ಮೇಡಂ ಹಿಂದಿನ ಬೆಂಚಿನಲ್ಲಿ ಕೂತರು. ಹೊನ್ನೂರುಸ್ವಾಮಿ ಎದ್ದ. "ಆರನ್ನ ಅರ್ಧದಿಂದ ಭಾಗಿಸಿದ್ರ ಹನ್ನೆರಡು ಯಾಕಾಗ್ತತ್ರಿ ಸರ? ಕಡಿಮಿ ಆಗ್ಬೇಕಲ್ರಿ?"

ಮೇಷ್ಟ್ರ ಮುಖ ಬಿಳಿಚಿತು. "ಅದು... ನಿಯಮ," ಎಂದರು.

"ಆ ನಿಯಮ ಯಾಕ ಅಂತ ಹೇಳ್ರಿ," ಎಂದರು ಮೇಡಂ. ಮೇಷ್ಟ್ರು ಬೆವರು ಒರೆಸಿಕೊಂಡರು. ಜೇಬಿನಲ್ಲಿ ಮೊಬೈಲು ಬಡಕೊಳ್ಳುತ್ತಲೇ ಇತ್ತು. "ಯಾರಿಗಾದ್ರೂ ಗೊತ್ತೇನು?" ಎಂದು ಮೇಡಂ ಮಕ್ಕಳನ್ನು ಕೇಳಿದರು.

ಸುಮಲತಾ ಬೋರ್ಡಿಗೆ ಹೋಗಿ ಆರು ರೊಟ್ಟಿ ಬರೆದಳು. ಒಂದೊಂದನ್ನೂ ನಡುವೆ ಗೆರೆ ಎಳೆದು ಸೀಳಿದಳು. "ಅರ್ಧರ್ಧ ಕೊಟ್ರ ಹನ್ನೆರಡು ಮಂದಿ ಉಣ್ತಾರ್ರಿ. ರೊಟ್ಟಿ ಹೆಚ್ಚಾಗಿಲ್ಲ, ಉಣ್ಣೋರು ಹೆಚ್ಚಾಗ್ಯಾರ."

ಮೇಡಂ ಚಪ್ಪಾಳೆ ತಟ್ಟಿದರು. ಸುಮಲತಾಗೆ ಬೇಕಾಗಿದ್ದು ಅದಲ್ಲ. ಅವಳು ಮೇಷ್ಟ್ರ ಕಡೆ ತಿರುಗಿ, ತುಂಬ ಮರ್ಯಾದೆಯಿಂದ ಕೇಳಿದಳು, "ತಿಳೀತೇನ್ರಿ ಸರ?"

ಅವರು ಜೇಬಿಗೆ ಕೈಹಾಕಿ ಮೊಬೈಲು ಬಂದ್ ಮಾಡಿದರು.

"ತಿಳೀದಿದ್ರ ಹೊರಗ ನಿಂತು ಯೋಚ್ನೆ ಮಾಡ್ರಿ," ಎಂದು ಸೀಮೆಸುಣ್ಣ ಹಿಡಿದ ಕೈಯಿಂದಲೇ ಗೇಟು ತೋರಿಸಿದಳು.